ಹತ್ತು ಮನೆ, ನಲವತ್ತೈದು ಎಳೆ



ನಿಮ್ಮ ತಂದೆತಾಯಿಗೆ ಪಾಠ ಹೇಳಿದವರು ಯಾರು? ಶಾಲೆಯ ಪಾಠವಲ್ಲ, ಮಕ್ಕಳನ್ನು ಬೆಳೆಸುವ ಪಾಠ. ಅಜ್ಜಿಯೋ ನೆರೆಮನೆಯವರೋ ಹೇಳಿಕೊಟ್ಟದ್ದಷ್ಟೇ. ಮನೆಗಳು ಚಿಕ್ಕವಾದಂತೆ ಆ ಪಾಠವೂ ಕಡಿಮೆಯಾಗಿದೆ.

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವನ್ನು ನೋಡಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ಒಂದೆಡೆ ಕನ್ನಂಬಾಡಿಯ ನಾಲೆ, ಕಬ್ಬು, ಭತ್ತ. ನಾಗಮಂಗಲದ ಕಡೆ ಮಳೆ ನಂಬಿದ ರಾಗಿ. ಬೆಳೆ ಬೇರೆಯಾದರೂ ತಾಯಂದಿರ ಚಿಂತೆ ಬೇರೆಯಲ್ಲ.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ನಾಗಮಂಗಲದ ಹಳ್ಳಿಯೊಂದಕ್ಕೆ ಹೋಗಿದ್ದೆವು. ಕ್ಯಾಮೆರಾ ಮುಂದೆ ಎಲ್ಲರದೂ ಒಂದೇ ಮಾತು: "ಏನೂ ತೊಂದರೆ ಇಲ್ಲ ಸಾರ್." ಕ್ಯಾಮೆರಾ ಪೆಟ್ಟಿಗೆ ಸೇರಿದ ಮೇಲೆ ಒಬ್ಬಾಕೆ, "ಸಂಜೆ ಬಸ್ಸು ತಪ್ಪುತ್ತೆ ಅಂತ ಮಗಳ ಕಾಲೇಜು ಬಿಡಿಸ್ತಾ ಇದೀವಿ" ಎಂದರು. "ನಮ್ಮನೇಲೂ ಅದೇ ಮಾತು" ಎಂದರು ಇನ್ನೊಬ್ಬರು. ಹತ್ತೇ ನಿಮಿಷ. ಮೂವರು ಹುಡುಗಿಯರು ಒಟ್ಟಿಗೆ ಹೋಗುವುದು, ಸಂಜೆ ಸರದಿಯಂತೆ ಒಬ್ಬರ ತಂದೆ ನಿಲ್ದಾಣದಲ್ಲಿ ಕಾಯುವುದು ಎಂದು ತೀರ್ಮಾನವಾಯಿತು. ಒಂದೇ ಬೀದಿಯ ಆ ಇಬ್ಬರೂ ಅದುವರೆಗೆ ಈ ಮಾತನ್ನು ಆಡಿರಲಿಲ್ಲ!

ವಿಜ್ಞಾನ ಓದಿದವನು ನಾನು, ಲೆಕ್ಕ ಹಾಕಿದೆ. ಹತ್ತು ಮನೆಯವರು ಮೇಷ್ಟರೊಬ್ಬರೊಡನೆ ಮಾತ್ರ ಮಾತಾಡಿದರೆ ಹತ್ತು ಎಳೆ; ಮೇಷ್ಟರಿಗೆ ವರ್ಗವಾದರೆ ಹತ್ತೂ ಕಡಿಯುತ್ತವೆ. ಹತ್ತು ಮನೆಯವರೂ ಪರಸ್ಪರ ಮಾತಾಡಿದರೆ? ಒಬ್ಬೊಬ್ಬರಿಗೆ ಒಂಬತ್ತು, ಎರಡೆರಡು ಸಲ ಎಣಿಸಿದ್ದನ್ನು ಅರ್ಧ ಮಾಡಿ. ನಲವತ್ತೈದು! ಒಂದು ಕಡಿದರೂ ಬಲೆ ಉಳಿಯುತ್ತದೆ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಮಹಿಳೆಯರಿಗೆ ಆಹಾರ, ಆರೋಗ್ಯದ ಶಿಕ್ಷಣ ನೀಡುವುದೂ ಅಂಗನವಾಡಿಯ ಕೆಲಸವೇ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆದರೆ ಸಭೆ ಸೇರದೆ, ಪುಸ್ತಕ ಮಾತ್ರ ಮನೆಗೆ ಹೋಗಿ ಸಹಿ ತರುವುದಾದರೆ ಸಮಿತಿ ಇದ್ದೂ ಇಲ್ಲದಂತೆ.

2023ರಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಅದನ್ನು ನಿಷೇಧಿಸುವ ಕಾಯಿದೆ 1994ರಷ್ಟು ಹಳೆಯದು. ಮನೆಯೊಳಗಿನ ಒತ್ತಡಕ್ಕೆ ಒಂಟಿ ತಾಯಿ "ಬೇಡ" ಎನ್ನುವುದು ಕಷ್ಟ. ಬೆನ್ನಿಗೆ ಒಂಬತ್ತು ಮನೆಗಳಿದ್ದರೆ ಆ ಮಾತಿಗೆ ಬಲ ಬರುತ್ತದೆ.

ನೀವೇನು ಮಾಡಬಹುದು? ಶಾಲೆಯ ಸಭೆಯ ಚೀಟಿಯನ್ನು ಚೀಲದಲ್ಲೇ ಉಳಿಸಬೇಡಿ, ಅಮ್ಮನಿಗೆ ಓದಿ ಹೇಳಿ. ಅವರು ಹೋಗಿ ಬರುವವರೆಗೆ ತಮ್ಮ ತಂಗಿಯರನ್ನು ನೋಡಿಕೊಳ್ಳಿ. ಅಪ್ಪನನ್ನೂ ಕಳಿಸಿ. ಮೊದಲ ಎಳೆ ನಿಮ್ಮ ಕೈಯಲ್ಲೇ ಇದೆ.