ನೀರನ್ನು ಸಾಕುವ ವಿದ್ಯೆ

ಮೀನುಗಳನ್ನು ನೋಡಿ ಸಂತೋಷಪಡುವ ಹವ್ಯಾಸ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಪ್ರಕರಣವೇ ಇದೆ. ಅದು ಗಾಳ ಹಾಕುವವರ ವಿನೋದವೆಂಬುದು ನಿಜ. ಆದರೂ ಯಾವ ಮೀನು ಎಂಥ ನೀರಿನಲ್ಲಿ ಇರುತ್ತದೆ, ಯಾವುದಕ್ಕೆ ಯಾವ ತಿನಿಸು ಇಷ್ಟ ಎಂಬುದನ್ನು ಅರಸನು ಆಸಕ್ತಿಯಿಂದ ಬರೆದಿದ್ದಾನೆ. ಅವನ ಮನೆತನದ ಮಾಂಡಲಿಕರಾದ ಕದಂಬರು ಆಳಿದ ಹಾನಗಲ್ಲು ಇಂದಿಗೂ ಕೆರೆಗಳ ಸೀಮೆಯೇ.

ಇತ್ತಿತ್ತಲಾಗಿ ಚಿಕ್ಕ ಊರುಗಳ ಮನೆಗಳಲ್ಲಿಯೂ ಗಾಜಿನ ಮೀನುತೊಟ್ಟಿ ಕಾಣಿಸಿಕೊಳ್ಳುತ್ತಿದೆ. ಕೊಂಡು ತಂದ ಎಂಟು ದಿನಗಳಲ್ಲಿ ಮೀನು ಸತ್ತು ತೇಲಿತೆಂದು ಮಕ್ಕಳು ಅಳುವುದೂ ಅಷ್ಟೇ ಸಾಮಾನ್ಯವಾಗಿದೆ. ಇದಕ್ಕೆ ಬಹುಮಟ್ಟಿನ ಕಾರಣ ಒಂದೇ. ನಾವು ಮೀನನ್ನು ಸಾಕಲು ಹೊರಡುತ್ತೇವೆ; ಸಾಕಬೇಕಾದುದು ನೀರನ್ನು. ನೀರು ಚೆನ್ನಾಗಿದ್ದರೆ ಮೀನು ತನ್ನ ಯೋಗಕ್ಷೇಮವನ್ನು ತಾನೇ ನೋಡಿಕೊಳ್ಳುತ್ತದೆ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರು ನೀರು ಹಿಡಿಯುತ್ತದೆ. ಹೊಸಬರಿಗೆ ಇದಕ್ಕಿಂತ ಚಿಕ್ಕದು ಬೇಡ. ದುಂಡನೆಯ ಗಾಜಿನ ಬೋಗುಣಿಯಂತೂ ಬೇಡವೇ ಬೇಡ. ನೀರು ಕಡಿಮೆಯಾದಷ್ಟೂ ಅದು ಬೇಗ ಕೆಡುತ್ತದೆ. ಮೀನಿನ ಕಿವಿರುಗಳಿಂದ ಅಮೋನಿಯಾ ಎಂಬ ವಿಷವಸ್ತು ಎಡೆಬಿಡದೆ ಹೊರಬೀಳುತ್ತಿರುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾಡುತ್ತವೆ. ಇದು ಸೌಮ್ಯವಾದದ್ದು, ಗಿಡಗಳಿಗೆ ಗೊಬ್ಬರವೂ ಹೌದು. ಈ ಸೂಕ್ಷ್ಮಜೀವಿಗಳು ಉಸುಕಿನಲ್ಲಿ, ಕಲ್ಲಿನ ಮೇಲೆ, ಸೋಸುವ ಸ್ಪಂಜಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಆದ್ದರಿಂದ ಮೊದಲು ಗಿಡಗಳನ್ನು ನೆಟ್ಟು ಕಾಯಬೇಕು; ಬಳಿಕ ಎರಡು ಮೂರು ಮೀನುಗಳಿಂದ ಆರಂಭಿಸಬೇಕು. ತೊಟ್ಟಿಯನ್ನು ಸ್ವಚ್ಛ ಮಾಡುತ್ತೇವೆಂದು ಎಲ್ಲವನ್ನೂ ಹೊರತೆಗೆದು ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆದರೆ ಈ ಉಪಕಾರಿಗಳೂ ಕೊಚ್ಚಿಹೋಗುತ್ತವೆ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಸಾಕು. ಕ್ಲೋರಿನ್ ಹಾಕಿದ ನಲ್ಲಿಯ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸುವುದು ಒಳ್ಳೆಯದು.

ಗಿಡಗಳ ಉಪಕಾರವನ್ನು 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಪ್ರಕಟಿಸಿ ತೋರಿಸಿದರು. ಬಂಗಾರದ ಮೀನುಗಳೊಡನೆ ಅವರು ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲನ್ನು ಇಟ್ಟರು. ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ ಬಸವನಹುಳುಗಳನ್ನು ಬಿಟ್ಟರು, ನೀರು ತಿಳಿಯಾಯಿತು. ಆ ನೀರುಹುಲ್ಲಿನ ಜಾತಿಯವು ನಮ್ಮ ಕೆರೆಕಾಲುವೆಗಳಲ್ಲಿಯೂ ಬೆಳೆಯುತ್ತವೆ. ದಿನಕ್ಕೆ ಎಂಟು ತಾಸು ಬೆಳಕು ಅವಕ್ಕೆ ಸಾಕು. ಹೆಚ್ಚಾದರೆ ಪಾಚಿ ಕಟ್ಟುತ್ತದೆ. ಗಿಡಗಳು ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತವೆ, ಇರುಳಿನಲ್ಲಿ ಮೀನಿನಂತೆ ತಾವೂ ಅದನ್ನು ಬಳಸುತ್ತವೆ ಎಂಬುದನ್ನು ಮರೆಯಬಾರದು. ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತೊಟ್ಟಿಯಲ್ಲಿ ಗುಂಪು ಹೆಚ್ಚಾಗಿದೆ ಎಂದೇ ತಿಳಿಯಬೇಕು.

ಕೆಲವರಿಗೆ ಕಡಲಿನ ಹವಳದ ತೊಟ್ಟಿಯ ಮೋಹ. ಅದರ ಚೆಲುವು ದೊಡ್ಡದು, ಹೊರೆಯೂ ದೊಡ್ಡದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಹೆಚ್ಚು ಕಡಿಮೆ 25 ಡಿಗ್ರಿ ಉಷ್ಣತೆ, ತಕ್ಕಷ್ಟು ಸುಣ್ಣದಂಶ, ಇವು ಹಗಲಿರುಳೂ ಏರುಪೇರಾಗಬಾರದು. ನೀರು ಆವಿಯಾದಾಗ ಉಪ್ಪು ಹಿಂದುಳಿಯುವುದರಿಂದ ಪ್ರತಿದಿನವೂ ಸಿಹಿನೀರು ಬೆರೆಸಬೇಕು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ತಂಪುಮಾಡುವ ಯಂತ್ರ ಬೇಕು. ವಿದ್ಯುತ್ತು ಹೋದರೆ ಎಲ್ಲವೂ ಹೋಯಿತು. ಮೇಲಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹವಳಗಳು ಸೇರಿವೆ. ಅವನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ. ಹವಳವನ್ನು ನೋಡಬೇಕೆನ್ನುವವರಿಗೆ ಮುರುಡೇಶ್ವರದಾಚೆ ನೇತ್ರಾಣಿ ದ್ವೀಪವಿದೆ. ಅಲ್ಲಿದ್ದಲ್ಲಿಯೇ ಅದರ ಸೊಬಗು.

ಹಿತ್ತಲಿರುವ ನಮ್ಮ ಮನೆಗಳಿಗೆ ಒಪ್ಪುವುದು ಸಣ್ಣದೊಂದು ಹೊಂಡ. ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡು ಅಡಿ ಆಳವಿದ್ದರೆ ಎರಡು ಸಾವಿರ ಲೀಟರಿಗೆ ಮಿಕ್ಕಿ ನೀರು ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೆರಳಿರಲಿ; ಎಲೆ ಸುರಿಸುವ ಮರದ ಕೆಳಗೆ ಬೇಡ. ಕುಂಡದಲ್ಲಿ ನೆಟ್ಟ ನೈದಿಲೆಯ ಎಲೆಗಳು ನೀರಿನ ಅರ್ಧಭಾಗವನ್ನು ಮುಚ್ಚಿದರೆ ನೀರು ತಂಪಾಗಿರುತ್ತದೆ, ಪಾಚಿಯೂ ಅಡಗುತ್ತದೆ. ಕಪ್ಪೆ, ಕೊಡತಿಹುಳುಗಳು ಕರೆಯದೆಯೇ ಬರುತ್ತವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೊಂಡದ ಮೇಲೆ ಗಟ್ಟಿಯಾದ ಬಲೆ ಅವಶ್ಯ.

ನಿಂತ ನೀರೆಂದರೆ ಸೊಳ್ಳೆಯ ಭಯ. ಇದಕ್ಕಾಗಿ ಗ್ಯಾಂಬೂಸಿಯಾ ಎಂಬ ಅಮೆರಿಕದ ಮೀನನ್ನು 1928ರಲ್ಲಿ ಇಟಲಿಯ ಮೂಲಕ ಭಾರತಕ್ಕೆ ತರಲಾಯಿತು. ಅದು ಸೊಳ್ಳೆಯ ಮರಿಗಳನ್ನು ತಿನ್ನುವುದು ನಿಜ; ಕಪ್ಪೆಯ ಗೊದಮೊಟ್ಟೆಗಳನ್ನೂ ಇತರ ಮೀನುಗಳ ಮರಿಗಳನ್ನೂ ಬಿಡುವುದಿಲ್ಲ. ನಮ್ಮ ಹಳ್ಳಕೊಳ್ಳಗಳಲ್ಲಿಯೇ ಈ ಕೆಲಸಕ್ಕೆ ತಕ್ಕ ಮೀನಿದೆ. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುವ, ನೀರಿನ ಮೇಲ್ಮೈಯಲ್ಲಿಯೇ ಆಡುವ ಅಪ್ಲೋಕೈಲಸ್ ಅದು. ಅದೂ ಸೊಳ್ಳೆಯ ಮರಿಗಳನ್ನು ಆಸೆಯಿಂದ ತಿನ್ನುತ್ತದೆ.

ಇಲ್ಲಿಯವರೆಗೆ ಹೇಳಿದ್ದು ನಮ್ಮ ಸಂತೋಷದ ಮಾತು. ಇನ್ನು ನಮ್ಮ ಹೊಣೆಯ ಮಾತು. ಸಾಕಿ ಬೇಸರವಾದ ಮೀನನ್ನು ಎಷ್ಟೋ ಜನ, ಪುಣ್ಯವೆಂದೇ ತಿಳಿದು, ಕೆರೆಗೆ ಬಿಡುತ್ತಾರೆ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ, 'ಸಕ್ಕರ್' ಎಂದು ಮಾರುವ ಮೀನು ದಕ್ಷಿಣ ಅಮೆರಿಕದ್ದು. ಅಂಗಡಿಯಲ್ಲಿ ಬೆರಳುದ್ದ ಇರುವ ಅದು ಒಂದು ಅಡಿಗೂ ಮಿಕ್ಕಿ ಬೆಳೆಯುತ್ತದೆ; ಮೊಟ್ಟೆಗಾಗಿ ದಂಡೆಯ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ನಮ್ಮ ಕೆರೆಗಳ ಏರಿ ಮಣ್ಣಿನದೆಂಬುದನ್ನು ಇಲ್ಲಿ ನೆನೆಯಬೇಕು. ಒಂದು ಕೆರೆಯ ಕೋಡಿ ಹರಿದರೆ ಮುಂದಿನ ಕೆರೆಗೆ ದಾರಿಯಾಗುತ್ತದೆ. ಹಾನಗಲ್ಲ, ಸವಣೂರ ಸೀಮೆಯ ಹಳ್ಳಗಳು ವರದೆಯನ್ನು ಸೇರುತ್ತವೆ. ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತಾಳೆ. ಒಬ್ಬನು ಸುರಿದ ಒಂದು ಕೊಡ ನೀರಿನ ಫಲವನ್ನು ಮೂರು ಜಿಲ್ಲೆಗಳು ಉಣ್ಣಬೇಕಾದೀತು. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿರಿ. ಅಂತರಗಂಗೆಯ ಒಂದು ಕುಡಿಯನ್ನು ಸಹ ಹೊರಗೆ ಎಸೆಯಬೇಡಿರಿ. ಬಿಸಿಲಿನಲ್ಲಿ ಒಣಗಿಸಿ ತಿಪ್ಪೆಗೆ ಹಾಕಿರಿ.

ಹೊಳೆಯಿಂದ ತರುವುದಕ್ಕೂ ಮಿತಿ ಬೇಕು. ಮೈಮೇಲೆ ಕೆಂಪುಗೀಟುಳ್ಳ, 'ಮಿಸ್ ಕೇರಳ' ಎಂದು ಹೆಸರಾದ ಸಹ್ಯಾದ್ರಿಯ ಮೀನನ್ನು 1865ರಲ್ಲಿ ಫ್ರಾನ್ಸಿಸ್ ಡೇ ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಅಲಂಕಾರದ ವ್ಯಾಪಾರಕ್ಕಾಗಿ ಹೊಳೆಗಳಿಂದ ಬಾಚಿ ಬಾಚಿ ಹಿಡಿದದ್ದರಿಂದ ಅದು ಇಂದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಕೊಳ್ಳುವಾಗ ತೊಟ್ಟಿಯಲ್ಲಿ ಮರಿ ಮಾಡಿಸಿದ ಮೀನನ್ನೇ ಕೇಳಿ ಕೊಳ್ಳಬೇಕು.

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ರಾಕ್ ಗಾರ್ಡನ್ನಿದೆ. ಹಳ್ಳಿಯ ಒಕ್ಕಲುತನ, ದನಕರು, ಮನೆಬಾಳುವೆಗಳನ್ನು ಅಲ್ಲಿ ಶಿಲ್ಪಗಳಲ್ಲಿ ಹಿಡಿದಿಟ್ಟಿದ್ದಾರೆ. ಅದೇ ಊರಿನಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ಮರೆಯಾಗುವ ಬದುಕನ್ನು ಶಿಲ್ಪದಲ್ಲಿ, ಗ್ರಂಥದಲ್ಲಿ ಉಳಿಸಬಹುದು. ಕೆರೆಯ ಜೀವರಾಶಿಯನ್ನು ಹಾಗೆ ಉಳಿಸಲು ಬಾರದು. ಅದು ನೀರಿನಲ್ಲಿ ಈಜುತ್ತಲೇ ಉಳಿಯಬೇಕು. ಹಿತ್ತಲ ಹೊಂಡದ ನೀರನ್ನು ಕಾಯಲು ಕಲಿತ ಹುಡುಗನು ನಾಳೆ ಊರ ಕೆರೆಯ ನೀರನ್ನೂ ಕಾದಾನು. ಈ ಹವ್ಯಾಸದಿಂದ ಬರುವ ಲಾಭಗಳಲ್ಲಿ ಇದೇ ದೊಡ್ಡದು.