ಕೆರೆಗೆ ಕಮಾನು ಬೇಡ, ಮರೆ ಸಾಕು
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಒಬ್ಬರಿಂದ ಆಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆ ಎಂದು ತೋರಿಸಿದರು. ಆ ದಾರಿಯಲ್ಲೇ ನಾವು ಇಪ್ಪತ್ತೈದು ವರ್ಷ ನಡೆದಿದ್ದೇವೆ. ಇವತ್ತು ಸಾಲ, ಗೊಬ್ಬರದ ಲೆಕ್ಕ ಬಿಟ್ಟು ಅಂಕಸಮುದ್ರ ಕೆರೆಯ ಬಗ್ಗೆ ಎರಡು ಮಾತು ಹೇಳುತ್ತೇವೆ.

ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಕೆರೆಯನ್ನು ಹಿರಿಯರು ನೀರಾವರಿಗೆಂದು ಕಟ್ಟಿದರು. ಅದರೊಳಗಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಗೂಡು ಕಟ್ಟುತ್ತವೆ. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. 2024ರ ಜನವರಿಯಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. 98.76 ಹೆಕ್ಟೇರ್ ಕೆರೆಯಲ್ಲಿ 240 ಜಾತಿಯ ಹಕ್ಕಿಗಳು, 30,000ಕ್ಕೂ ಮೇಲ್ಪಟ್ಟು ನೀರುಹಕ್ಕಿಗಳು ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಇಷ್ಟು ಹೆಸರಾದ ಮೇಲೆ ಜನ ಬಂದೇ ಬರುತ್ತಾರೆ. ಬರಲಿ, ಸಂತೋಷ.

ಬೆಳ್ಳಿಹಬ್ಬದ ನೆನಪಿಗೆ ಕೆರೆಯ ಬಳಿ ದೊಡ್ಡ ಕಮಾನು, ಸಿಮೆಂಟಿನ ಕೊಕ್ಕರೆ, ಬಣ್ಣದ ದೀಪ ಮಾಡಿಸೋಣ ಎಂದು ನಮ್ಮಲ್ಲೇ ಕೆಲವರ ಆಸೆ. ನಮಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಒಮ್ಮೆ ಬೀಗರು ಬಂದಾಗ ಮಕ್ಕಳಿಗೆ ಹಕ್ಕಿ ಹಾರುವುದನ್ನು ತೋರಿಸೋಣವೆಂದು ನಾವೇ ಏರಿ ಮೇಲೆ ನಿಂತು ಚಪ್ಪಾಳೆ ತಟ್ಟಿ ಕೂಗಿದೆವು. ನೂರಾರು ಹಕ್ಕಿ ಒಮ್ಮೆಲೇ ಎದ್ದವು, ಮಕ್ಕಳು ಕುಣಿದರು. ಆ ಗಳಿಗೆಯಲ್ಲೇ ಕಾಗೆ ಗೂಡಿಗೆ ಇಳಿದು ಮೊಟ್ಟೆ ಕಚ್ಚಿಕೊಂಡು ಹೋಯಿತು. ಬೀಗರ ಹುಡುಗಿ, "ಮಾಮಾ, ನಾವು ಕೂಗಿದ್ದಕ್ಕೇ ಅಲ್ವಾ?" ಅಂದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು? ಹಕ್ಕಿಗೆ ನಾವು ಕಾಣಬಾರದು, ನಮಗೆ ಹಕ್ಕಿ ಕಾಣಬೇಕು. ಅಷ್ಟೇ.

ಏರಿ ಮೇಲೆ ನಿಂತ ಮನುಷ್ಯ ಬಯಲಲ್ಲಿ ಕಂಬ ನೆಟ್ಟಂತೆ ಎದ್ದು ಕಾಣುತ್ತಾನೆ. ಆದ್ದರಿಂದ ಕಾಲುದಾರಿ ಏರಿಯ ಹೊರಮಗ್ಗುಲಲ್ಲಿ ಇರಲಿ. ಗೂಡಿನಿಂದ ದೂರದಲ್ಲಿ ಒಂದು ಕಡೆ ಬಿದಿರು ತಟ್ಟಿಯ ಮರೆ ಕಟ್ಟಿ, ಅದರಲ್ಲಿ ದೊಡ್ಡವರ ಕಣ್ಣಿನ ಎತ್ತರಕ್ಕೊಂದು, ಮಕ್ಕಳ ಎತ್ತರಕ್ಕೊಂದು ಕಿಂಡಿ ಬಿಟ್ಟರೆ ಸಾಕು. ಬಳಿಯುವುದಾದರೆ ಮಣ್ಣಿನ ಬಣ್ಣ ಬಳಿಯೋಣ. ಗಾಡಿಗಳು ರಸ್ತೆ ಹತ್ತಿರವೇ ನಿಲ್ಲಲಿ. ಶೌಚಾಲಯವೂ ಅಲ್ಲೇ ಇರಲಿ, ಅದರ ಇಂಗುಗುಂಡಿ ಕೆರೆಗೂ ಬಾವಿಗೂ ದೂರವಿರಲಿ. ಕತ್ತಲಾದ ಮೇಲೆ ದೀಪ ಬೇಡ, ಧ್ವನಿವರ್ಧಕವಂತೂ ಬೇಡವೇ ಬೇಡ. ಮಂಡಕ್ಕಿ-ಮಿರ್ಚಿ ಅಂಗಡಿಯನ್ನು ನಮ್ಮ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು ರಸ್ತೆ ಬದಿಯಲ್ಲೇ ನಡೆಸಲಿ. ಸ್ಟೀಲ್ ತಟ್ಟೆ, ಕುಡಿಯಲು ಮಣ್ಣಿನ ಹರವಿಯ ನೀರು ಇದ್ದರೆ ಪ್ಲಾಸ್ಟಿಕ್ ಚೀಲ ಕೆರೆಗೆ ಹೋಗುವುದಿಲ್ಲ, ಊರಿಗೂ ನಾಲ್ಕು ಕಾಸು ಬರುತ್ತದೆ.

ಇದು ಆಗದ ಮಾತಲ್ಲ. 1994ರಲ್ಲಿ ಆದ ದರೋಜಿ ಕರಡಿಧಾಮಕ್ಕೆ ನೀವೂ ಹೋಗಿರಬಹುದು. ಅಲ್ಲಿ ಜನ ವೀಕ್ಷಣಾ ಗೋಪುರದ ಮೇಲೆ ಕೂತು, ದೂರದ ಬಂಡೆ ಮೇಲೆ ಬರುವ ಕರಡಿಯನ್ನು ನೋಡುತ್ತಾರೆ. ಕರಡಿ ತನ್ನ ಪಾಡಿಗೆ ತಾನು ಇರುತ್ತದೆ.

ನಮ್ಮ ಜನ ಸುಮ್ಮನಿರುವವರಲ್ಲ ಅನ್ನುತ್ತೀರಾ? ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನೆನೆಸಿಕೊಳ್ಳಿ. ಬಿಲ್ಲನ್ನೇರಿದ ಗೊರವಯ್ಯ "ಸದ್ದಲೇ" ಎಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅಲ್ಲಿ ಸಾಧ್ಯವಾದದ್ದು ಕೆರೆ ಏರಿ ಮೇಲೆ ಯಾಕೆ ಸಾಧ್ಯವಿಲ್ಲ?

ಕೆರೆ ಅಂಗಳದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಗೂಟವನ್ನೂ ನೆಡುವಂತಿಲ್ಲ. ಮೀಸಲು ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೆ ಕಾನೂನೇ ಜಾಗ ಕೊಟ್ಟಿದೆ. ನಮ್ಮ ಮಾತು ಪಂಚಾಯಿತಿಯ ಮೂಲಕ ಅಲ್ಲಿಗೆ ಮುಟ್ಟಲಿ. ಕಮಾನಿನ ಹಣವನ್ನು ಶೌಚಾಲಯಕ್ಕೂ ತಟ್ಟಿಯ ಮರೆಗೂ ಕೊಡುವ ಠರಾವಿಗೆ ಇವತ್ತೇ ಕೈ ಎತ್ತಬೇಕೆಂದು ಕೇಳಿಕೊಳ್ಳುತ್ತೇವೆ.

ಕಮಾನು ಇದ್ದರೆ ಅದರ ಮೇಲೆ ನಮ್ಮ ಹೆಸರು ಇರುತ್ತಿತ್ತು, ನಿಜ. ತಟ್ಟಿಯ ಮೇಲೆ ಹೆಸರು ಇರುವುದಿಲ್ಲ. ಆದರೆ ಮುಂದಿನ ವರ್ಷವೂ ಕೊಕ್ಕರೆ ಬಂದರೆ ಸಂಘಕ್ಕೆ ಅದಕ್ಕಿಂತ ದೊಡ್ಡ ಹೆಸರು ಬೇಕೇ?