ಕೊಯ್ಲಾದ ಗದ್ದೆಗೆ ಬರುವ ಅತಿಥಿಗಳು

(ಬೆಂಗಳೂರಿನ ವಿಜಯನಗರದಲ್ಲಿ ಸೇರಿದ್ದ ಮಲೆನಾಡಿನ ವಿದ್ಯಾರ್ಥಿಗಳು ಹಾಗೂ ಊರಿನಿಂದ ಬಂದ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಮಂಗನ ಕಾಯಿಲೆಯ ಹೆಸರು ಕೇಳದವರು ಈ ಸಭೆಯಲ್ಲಿ ಇರಲಾರರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಇತ್ತೀಚೆಗೆ, 2019ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡು ಅದೇ ನೋವನ್ನು ಉಂಡಿತು. ಹಕ್ಕಿಗಳ ಮಾತಾಡಲು ಬಂದವನು ಕಾಯಿಲೆಯ ಕಥೆಯನ್ನೇಕೆ ತೆಗೆದನೆಂದು ನೀವು ಕೇಳಬಹುದು. ಅವೆರಡಕ್ಕೂ ನಂಟಿದೆ.

ಉಣ್ಣೆಗಳಿಂದ ಹರಡುವ ಆ ವಿಷಾಣುವಿನ ಗುಣ, ರಷ್ಯಾದ ಕಾಡುಗಳಲ್ಲಿ ಕಾಣಿಸುತ್ತಿದ್ದ ಒಂದು ಮೆದುಳುಜ್ವರದ ವಿಷಾಣುವನ್ನು ಹೋಲುತ್ತಿತ್ತು. ಅಷ್ಟು ದೂರದ್ದು ಇಲ್ಲಿಗೆ ಬಂದದ್ದು ಹೇಗೆ? ಚಳಿಗಾಲದಲ್ಲಿ ಆ ಕಡೆಯಿಂದ ನಮ್ಮಲ್ಲಿಗೆ ಬರುವವು ಹಕ್ಕಿಗಳು. ಆದ್ದರಿಂದ ಅವುಗಳ ಮೈಮೇಲಿನ ಉಣ್ಣೆಗಳೇ ಇದನ್ನು ತಂದಿರಬೇಕೆಂಬ ಅನುಮಾನ ಹುಟ್ಟಿತು. ಈ ಅಪವಾದದ ವಿಚಾರಣೆಗೆಂದೇ ವಿಶ್ವ ಆರೋಗ್ಯ ಸಂಸ್ಥೆಯು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ನೆರವು ನೀಡಿತು. ಸಲೀಂ ಅಲಿಯವರ ನೇತೃತ್ವದಲ್ಲಿ ದೇಶದ ಹಲವೆಡೆ ಹಕ್ಕಿಗಳನ್ನು ಹಿಡಿದು, ರಕ್ತದ ಹನಿ ತೆಗೆದು, ಉಣ್ಣೆಗಳನ್ನು ಹೆಕ್ಕಿ, ಕಾಲಿಗೆ ಉಂಗುರ ತೊಡಿಸಿ ಹಾರಿಬಿಡುವ ಕಾರ್ಯ ವರ್ಷಗಟ್ಟಲೆ ನಡೆಯಿತು. ಬಲೆ ಹಾಕುವ ವಿದ್ಯೆಯಲ್ಲಿ ಬಿಹಾರದ ಮೀರ್‌ಶಿಕಾರ್ ಸಮುದಾಯದ ಅಲಿ ಹುಸೇನರಂಥವರು ವಿಜ್ಞಾನಿಗಳಿಗೇ ಗುರುಗಳಾದರು. ಮುಂದೆ ಈ ಕಾರ್ಯಕ್ಕೆ ಅಮೆರಿಕದ ಸೈನ್ಯದ ಹಣವೂ ಬಂದದ್ದು 1970ರ ದಶಕದಲ್ಲಿ ದೊಡ್ಡ ವಿವಾದವಾಯಿತು. ಆ ಅನುಮಾನ ಅಕಾರಣವೆಂದು ನಾನು ಹೇಳಲಾರೆ. ವಿಜ್ಞಾನದ ಹಣ ಎಲ್ಲಿಂದ ಬರುತ್ತದೆಂದು ಕೇಳುವುದು ಜನರ ಹಕ್ಕು. ಆದರೆ ಕಾಯಿಲೆಯನ್ನು ಹಕ್ಕಿಗಳು ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಬಲೆಗೆ ಬಿದ್ದ ಹಕ್ಕಿಗಳೇ ತಮ್ಮ ಪರವಾಗಿ ಸಾಕ್ಷಿ ನುಡಿದಂತಾಯಿತು.

ಉಂಗುರ ತೊಡಿಸುವುದು ಹೇಗೆಂದು ಸ್ವಲ್ಪ ಹೇಳುತ್ತೇನೆ. ಕಣ್ಣಿಗೆ ಕಾಣದಷ್ಟು ನವುರಾದ ಎಳೆಯ ಬಲೆಯನ್ನು ನಸುಕಿನಲ್ಲಿ ಎರಡು ಗಳಗಳ ನಡುವೆ, ಬೇಲಿಯ ಅಂಚಿನಲ್ಲೋ ಬದುವಿನ ಮೇಲೋ ಕಟ್ಟುತ್ತಾರೆ. ಆಗಾಗ ಹೋಗಿ ನೋಡುತ್ತಿರಬೇಕು. ಬಿಸಿಲೇರಿದರೆ ಸಿಕ್ಕ ಹಕ್ಕಿ ಬಳಲಿ ಸಾಯುತ್ತದೆ. ಬಿಡಿಸಿ ಬಟ್ಟೆಯ ಚೀಲದಲ್ಲಿಟ್ಟು, ತೂಗಿ, ರೆಕ್ಕೆಯ ಉದ್ದ ಅಳೆದು, ಹಗುರವಾದ ಲೋಹದ ಉಂಗುರವನ್ನು ಕಾಲಿಗೆ ತೊಡಿಸುತ್ತಾರೆ. ಅದರ ಮೇಲೆ ಒಂದು ಸಂಖ್ಯೆ ಮತ್ತು ಬಾಂಬೆಯ ಆ ಸಂಸ್ಥೆಗೆ ತಿಳಿಸಿರೆಂಬ ಸೂಚನೆ ಇರುತ್ತದೆ. ನಮ್ಮ ತೋಟಗಳಲ್ಲಿ ಚಳಿಗಾಲವಿಡೀ ಚಿಕ್ ಚಿಕ್ ಎನ್ನುವ ಹಸಿರು ಉಲಿಯಕ್ಕಿ ಹತ್ತು ಗ್ರಾಮು ಕೂಡ ತೂಗುವುದಿಲ್ಲ. ಅಂಥದ್ದು ಹಿಮಾಲಯವನ್ನು ದಾಟಿ ಬಂದು, ಮರುವರ್ಷ ಅದೇ ಮರಗಳಿಗೆ ಹಿಂದಿರುಗುತ್ತದೆಂಬುದು ಉಂಗುರದಿಂದ ತಿಳಿದ ಸಂಗತಿ. ದೊಡ್ಡ ಹಕ್ಕಿಗಳಿಗೆ ದೂರದಿಂದಲೇ ಓದಬಹುದಾದ ಕೊರಳಪಟ್ಟಿ ತೊಡಿಸುವುದೂ ಉಂಟು. ಮಂಗೋಲಿಯಾದಲ್ಲಿ ಹಾಗೆ ಪಟ್ಟಿ ತೊಟ್ಟ ಪಟ್ಟೆತಲೆ ಹೆಬ್ಬಾತುಗಳು ನಮ್ಮ ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳು ನೀರಲ್ಲಿ ತಂಗಿದರೂ ಮೇಯುವುದು ರೈತರ ಹೊಲಗಳಲ್ಲಿ. ಆ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಹೊಲಕ್ಕೆ ಅಂಥ ಯಾವ ಪಟ್ಟಿಯೂ ಇಲ್ಲ.

ಒಂದು ಎಚ್ಚರಿಕೆ. ಉತ್ಸಾಹದಿಂದ ನೀವು ಬಲೆ ಕಟ್ಟಲು ಹೋಗಬೇಡಿ. 1972ರ ವನ್ಯಜೀವಿ ಕಾಯಿದೆಯಂತೆ ಅನುಮತಿಯಿಲ್ಲದೆ ಹಕ್ಕಿ ಹಿಡಿಯುವುದು ಅಪರಾಧ. ಅಲ್ಲದೆ ಅದು ಪಳಗಿದ ಕೈಗಳ ಕೆಲಸ. ಎಣಿಕೆಯಾದರೋ ಯಾರ ಅನುಮತಿಯನ್ನೂ ಬೇಡುವುದಿಲ್ಲ. ಉಂಗುರ ತೊಟ್ಟ ನೂರಾರು ಸಣ್ಣ ಹಕ್ಕಿಗಳಲ್ಲಿ ಮತ್ತೆ ಕೈಗೆ ಸಿಗುವುದು ಒಂದೋ ಎರಡೋ. ಅತಿಥಿ ಎಲ್ಲಿಂದ ಬಂದನೆಂದು ಉಂಗುರ ಹೇಳಬಲ್ಲದು. ಎಷ್ಟು ಜನ ಬಂದರೆಂದು ಹೇಳಬೇಕಾದವರು ನಾವು.

ನಾನು ಓದಲೆಂದು ಈ ನಗರಕ್ಕೆ ಬಂದಾಗ, ವಿಜಯನಗರವನ್ನು ದಾಟಿ ನಾಗರಬಾವಿಯ ಕಡೆ ನಡೆದರೆ ರಾಗಿಯ ಹೊಲಗಳು ಸಿಗುತ್ತಿದ್ದವು. ಕೊಯ್ಲಾದ ಕೂಳೆಯಲ್ಲಿ ಹಳದಿ ಸಿಪಿಲೆಗಳು ದನಗಳ ಕಾಲಡಿಯಲ್ಲೇ ಬಾಲ ಕುಣಿಸುತ್ತ ಓಡಾಡುತ್ತಿದ್ದವು. ಎಷ್ಟಿದ್ದವು? ಗೊತ್ತಿಲ್ಲ. ಬರೆದಿಡಲಿಲ್ಲ. ಈಗ ಅಲ್ಲಿ ಮನೆಗಳಿವೆ, ನನ್ನದೂ ಒಂದು. ಬೆಂಗಳೂರಿನ ಪಕ್ಷಿವೀಕ್ಷಕರು 1980ರ ದಶಕದ ಕೊನೆಯಿಂದ ಕೆರೆಹಕ್ಕಿಗಳನ್ನು ಚಳಿಗಾಲದ ನಡುವೆ ಎಣಿಸಿದ್ದರಿಂದ ಆ ಕೆರೆಗಳ ಪರವಾಗಿ ಮಾತಾಡಲು ಕಾಗದವಿದೆ. ಹೊಲಗಳ ಪರವಾಗಿ ನನ್ನ ಬಳಿ ಇರುವುದು ನೆನಪು ಮಾತ್ರ, ಅದನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ.

ನಮ್ಮ ಊರುಗಳಲ್ಲಿಯೂ ಇದೇ ಆಗುತ್ತಿದೆ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಶುಂಠಿಗೆ ಕೊಟ್ಟ ಗದ್ದೆಗೆ ಸುರಿಯುವ ಔಷಧ ಎಷ್ಟೆಂದು ನಿಮಗೇ ಗೊತ್ತು. ಬೆಲೆಯಿಲ್ಲದ ಭತ್ತವನ್ನು ಬೆಳೆಯಿರಿ ಎಂದು ರೈತನಿಗೆ ಉಪದೇಶಿಸುವ ಧೈರ್ಯ ನನಗಿಲ್ಲ. ಆದರೆ ಗದ್ದೆಯೊಡನೆ ಏನೇನು ಹೋಗುತ್ತದೆಂದು ತಿಳಿದಿರಬೇಕು. 942 ಪ್ರಭೇದಗಳನ್ನು ಪರಿಶೀಲಿಸಿದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯು ಬಯಲನ್ನು ನಂಬಿದ ಹಕ್ಕಿಗಳೂ ದೂರದ ವಲಸೆಯ ಹಕ್ಕಿಗಳೂ ಹೆಚ್ಚು ಕುಸಿದಿವೆ ಎಂದಿದೆ. ಆ ವರದಿ ಕಟ್ಟಿದ್ದು ಸಾವಿರಾರು ಸಾಮಾನ್ಯರು ಬರೆದ ಪಟ್ಟಿಗಳಿಂದ. ನಮ್ಮ ಗದ್ದೆಬಯಲಿನ ಪಟ್ಟಿಗಳು ಅದರಲ್ಲಿ ಎಷ್ಟಿವೆ?

ಕೆಲಸ ಸರಳ. ಒಂದು ಬದುವನ್ನು ಆರಿಸಿಕೊಳ್ಳಿ. ಕೊಯ್ಲಿನಿಂದ ಮಾರ್ಚ್‌ವರೆಗೆ ಹದಿನೈದು ದಿನಕ್ಕೊಮ್ಮೆ ಬೆಳಗಿನ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಡೆದು ಕಂಡದ್ದನ್ನೆಲ್ಲ ಬರೆಯಿರಿ. ಏನೂ ಕಾಣದ ದಿನವನ್ನೂ ಬರೆಯಿರಿ. ಅದನ್ನೇ ಹೆಚ್ಚಿನವರು ಬಿಡುವುದು. ಗದ್ದೆಯಲ್ಲಿ ಕೂಳೆಯಿದೆಯೋ, ಉತ್ತಿದ್ದಾರೋ, ಔಷಧ ಹೊಡೆದಿದ್ದಾರೋ ಎಂಬುದೂ ಇರಲಿ. ಹೆಸರು ತಿಳಿಯದಿದ್ದರೆ ಊರಿನ ಹಿರಿಯರನ್ನು ಕೇಳಿ. ಸಿಪಿಲೆಗೆ ಕುಂಡೆಕುಸ್ಕ ಎಂಬ ಹೆಸರನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ನನ್ನ ಅಜ್ಜಿ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಜ್ಞಾನಭಾರತಿ ಆವರಣದಲ್ಲಿ ಸೇರಿ ಎಣಿಕೆಯನ್ನು ಅಭ್ಯಾಸ ಮಾಡೋಣ. ನನ್ನ ಬಳಿ ಒಂದು ದುರ್ಬೀನು ಇದೆ. ನೀವು ನೋಟ್‌ಬುಕ್ಕು, ಪೆನ್ಸಿಲು ತನ್ನಿ.